ಯೂನಿಟ್ ರೇಟ್ ಇಳಿದ್ರೂ ಅಂಗಡಿ ಬಿಲ್ ಯಾಕೆ ಅಷ್ಟು ಇಳೀತಿಲ್ಲ? ಎಲ್‌ಇಡಿ ಲೆಕ್ಕ ಬಿಡಿಸಿ ನೋಡೋಣ

2025ರ ಮಾರ್ಚ್ 27ಕ್ಕೆ ಕೆಇಆರ್‌ಸಿ, ಅಂದ್ರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಮೂರು ವರ್ಷದ ಕರೆಂಟ್ ದರ ಆದೇಶ ಹೊರಡಿಸ್ತು. ಆ ದಿನಗಳ ಸುದ್ದಿಗಳನ್ನ ಓದಿದ ಅಂಗಡಿಯವರಿಗೆ ಏನೂ ಅರ್ಥ ಆಗದೆ ಇದ್ದಿದ್ದು ಸಹಜ. ಒಂದು ಕಡೆ ವಿದ್ಯುತ್ ನೌಕರರ ಪಿಂಚಣಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಹೆಚ್ಚಾಯ್ತು ಅಂತ ಬಂತು, ಇನ್ನೊಂದು ಕಡೆ ವಾಣಿಜ್ಯ ಸಂಪರ್ಕಕ್ಕೆ ಯೂನಿಟ್‌ಗೆ 1 ರೂಪಾಯಿ ಕಡಿಮೆ ಆಯ್ತು ಅಂತ ಬಂತು, ಅದರ ಪಕ್ಕದಲ್ಲೇ ಫಿಕ್ಸೆಡ್ ಚಾರ್ಜ್ ಏರಿಕೆ ಅಂತಾನೂ ಇತ್ತು. ಮೂರೂ ನಿಜವೇ. ಏಪ್ರಿಲ್ 1ರಿಂದ ಮೂರೂ ಒಟ್ಟಿಗೆ ಜಾರಿಗೆ ಬಂದವು, ಆಮೇಲೆ ಬಿಲ್ ಕೈಗೆ ಬಂದಾಗ ರೇಟ್ ಇಳಿದಿದೆ ಅಂದ್ರಲ್ಲ, ಎಲ್ಲಿ ಇಳಿದಿದೆ ಅನ್ನೋ ಪ್ರಶ್ನೆ ಶುರುವಾಯ್ತು.

ಇದರ ಜೊತೆಗೇ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ. ಹಳೇ ಟ್ಯೂಬ್‌ಲೈಟ್ ಕಿತ್ತು ಎಲ್‌ಇಡಿ ಹಾಕಿದವರು ಕೂಡ ಬಿಲ್ ಅಷ್ಟೇನೂ ಇಳೀಲಿಲ್ಲ ಅಂತಾರೆ, ಹಾಕದೇ ಇರೋರು ಈಗ ಯೂನಿಟ್ ರೇಟೇ ಕಡಿಮೆ ಆಗಿದೆಯಲ್ಲ, ಇನ್ಯಾಕೆ ಖರ್ಚು ಅಂತಾರೆ. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಅದು ನಿಮ್ಮ ಬಿಲ್‌ನ ಒಳಗೇ ಇದೆ. ಅದನ್ನ ಸಾಲು ಸಾಲಾಗಿ ಬಿಡಿಸಿ ನೋಡೋಣ.

ಬಿಲ್ ಅಂದ್ರೆ ಎರಡು ಬೇರೆ ಬೇರೆ ಲೆಕ್ಕ

ಅಂಗಡಿ, ಹೋಟೆಲ್, ಆಫೀಸು, ಕ್ಲಿನಿಕ್ ಇಂಥವಕ್ಕೆ ಬರೋ ಸಂಪರ್ಕವನ್ನ ಎಲ್‌ಟಿ-3 ಅಂತಾರೆ, ಎಲ್‌ಟಿ ಅಂದ್ರೆ ಲೋ ಟೆನ್ಷನ್, ಕಡಿಮೆ ವೋಲ್ಟೇಜ್ ಸಂಪರ್ಕ. ಇದರ ಬಿಲ್‌ನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಎನರ್ಜಿ ಚಾರ್ಜ್, ನೀವು ಉರಿಸಿದ ಯೂನಿಟ್‌ಗೆ ಕೊಡೋ ದುಡ್ಡು. ಹೊಸ ಆದೇಶದಲ್ಲಿ ಇದು 8 ರೂಪಾಯಿಯಿಂದ 7 ರೂಪಾಯಿಗೆ ಇಳೀತು. ಇನ್ನೊಂದು ಫಿಕ್ಸೆಡ್ ಚಾರ್ಜ್, ನೀವು ಉರಿಸಿದ್ರೂ ಉರಿಸದೇ ಇದ್ರೂ ಪ್ರತಿ ತಿಂಗಳು ಬರೋದು. ಇದು ನಿಮ್ಮ ಮಂಜೂರಾದ ಲೋಡ್, ಎಲ್ಲರೂ ಹೇಳೋ ಹಾಗೆ ಸ್ಯಾಂಕ್ಷನ್ ಲೋಡ್, ಎಷ್ಟು ಕಿಲೋವ್ಯಾಟ್ ಇದೆಯೋ ಅದರ ಮೇಲೆ ನಿಂತಿದೆ. ಕಿಲೋವ್ಯಾಟ್‌ಗೆ 210 ಇದ್ದದ್ದು 215 ಆಯ್ತು.

ಇವೆರಡರ ಮೇಲೆ ಮತ್ತೆ ಕೆಲವು ಸಾಲು. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಅಂತ 2025-26ಕ್ಕೆ ಯೂನಿಟ್‌ಗೆ 36 ಪೈಸೆ, ಇದು 2026-27ಕ್ಕೆ 35 ಪೈಸೆ, 2027-28ಕ್ಕೆ 34 ಪೈಸೆ ಅಂತ ಆಯೋಗ ಮೊದಲೇ ಹೇಳಿಟ್ಟಿದೆ. ಎನರ್ಜಿ ಚಾರ್ಜ್ ಮೇಲೆ ಶೇ. 9 ಟ್ಯಾಕ್ಸ್. ಕರೆಂಟ್ ಖರೀದಿ ವೆಚ್ಚ ಹೆಚ್ಚು ಕಡಿಮೆ ಆದ ಹಾಗೆ ತಿಂಗಳಿಂದ ತಿಂಗಳಿಗೆ ಬದಲಾಗೋ ಇಂಧನ ಹೊಂದಾಣಿಕೆ ಶುಲ್ಕ ಇನ್ನೊಂದು. ಅದು ಪ್ರತಿ ತಿಂಗಳು ಬೇರೆ ಇರೋದ್ರಿಂದ ಕೆಳಗಿನ ಲೆಕ್ಕದಲ್ಲಿ ಸೇರಿಸಿಲ್ಲ. ಕೆಳಗಿನ ಲೆಕ್ಕದಲ್ಲಿ ಹೊಸ ದರ ಅಂದ್ರೆ 2025-26ರ ದರ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಗೃಹಜ್ಯೋತಿಯ ಉಚಿತ ಯೂನಿಟ್ ಮನೆ ಮೀಟರ್‌ಗೆ ಮಾತ್ರ. ಮೇಲೆ ಮನೆ ಕೆಳಗೆ ಅಂಗಡಿ ಇದ್ರೂ, ಅಂಗಡಿಯ ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಸಂಪರ್ಕದ ನಂಬರ್, ಬೇರೆ, ಅದಕ್ಕೆ ಪೂರ್ತಿ ದುಡ್ಡು ಕಟ್ಟಲೇಬೇಕು.

ಆ 1 ರೂಪಾಯಿ ಎಲ್ಲಿ ಹೋಯ್ತು

5 ಕಿಲೋವ್ಯಾಟ್ ಸ್ಯಾಂಕ್ಷನ್ ಲೋಡ್ ಇರೋ ಒಂದು ಅಂಗಡಿ ತಗೊಳ್ಳಿ, ತಿಂಗಳಿಗೆ 400 ಯೂನಿಟ್ ಖರ್ಚು. ಹಳೇ ದರದಲ್ಲಿ ಎನರ್ಜಿ ಚಾರ್ಜ್ 3,200, ಫಿಕ್ಸೆಡ್ ಚಾರ್ಜ್ 1,050, ಟ್ಯಾಕ್ಸ್ 288, ಒಟ್ಟು 4,538 ರೂಪಾಯಿ. ಹೊಸ ದರದಲ್ಲಿ ಎನರ್ಜಿ ಚಾರ್ಜ್ 2,800, ಪಿಂಚಣಿ ಸರ್‌ಚಾರ್ಜ್ 144, ಫಿಕ್ಸೆಡ್ ಚಾರ್ಜ್ 1,075, ಟ್ಯಾಕ್ಸ್ 252, ಒಟ್ಟು 4,271. ಇಳಿದಿದ್ದು 267 ರೂಪಾಯಿ. ಎಂಟಕ್ಕೆ ಒಂದು ರೂಪಾಯಿ ಅಂದ್ರೆ ಶೇ. 12.5 ಇಳಿಕೆ ಅಂತ ಕಾಣುತ್ತೆ, ಬಿಲ್‌ನಲ್ಲಿ ಇಳಿದಿದ್ದು ಸುಮಾರು ಶೇ. 6.

ಈಗ ಅದೇ 5 ಕಿಲೋವ್ಯಾಟ್ ಲೋಡ್ ಇರೋ, ಆದ್ರೆ ತಿಂಗಳಿಗೆ 100 ಯೂನಿಟ್ ಮಾತ್ರ ಉರಿಸೋ ಚಿಕ್ಕ ಅಂಗಡಿ ನೋಡಿ. ಹಳೇದು 1,922, ಹೊಸದು 1,874. ಇಳಿದಿದ್ದು 48 ರೂಪಾಯಿ. 50 ಯೂನಿಟ್ ಉರಿಸೋರಿಗೆ ಇಳಿದಿದ್ದು 12 ರೂಪಾಯಿ ಕೂಡ ಇಲ್ಲ. ಅಂದ್ರೆ ಜಾಸ್ತಿ ಕರೆಂಟ್ ಉರಿಸೋರಿಗೆ ಜಾಸ್ತಿ ಲಾಭ, ಹಿಡಿತದಲ್ಲಿ ಉರಿಸೋರಿಗೆ ಹೆಚ್ಚು ಕಡಿಮೆ ಏನೂ ಇಲ್ಲ. ಎಲ್‌ಇಡಿ ಹಾಕಿ ಯೂನಿಟ್ ಇಳಿಸಿಕೊಂಡವರು ಬಿಲ್ ಇಳೀಲಿಲ್ಲ ಅನ್ನೋದಕ್ಕೆ ದೊಡ್ಡ ಕಾರಣ ಇಲ್ಲೇ ಇದೆ: ಅವರ ಬಿಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಲ್ಬ್ ಬದಲಾಯಿಸಿದ್ರೂ ಅಲ್ಲಾಡದ ಫಿಕ್ಸೆಡ್ ಚಾರ್ಜ್ ಆಗಿಬಿಟ್ಟಿದೆ.

ಎಸ್ಕಾಂ ಹೇಳೋದೇನು, ವ್ಯಾಪಾರಿಗಳು ಹೇಳೋದೇನು

ಎಸ್ಕಾಂ ಅಂದ್ರೆ ಕರೆಂಟ್ ಹಂಚೋ ಕಂಪನಿಗಳು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಇವರ ವಾದ ಹೀಗಿದೆ. ನಿಮ್ಮ ಅಂಗಡಿಗೆ 5 ಕಿಲೋವ್ಯಾಟ್ ಬೇಕು ಅಂತ ನೀವು ಬರೆದುಕೊಟ್ಟಿದ್ದೀರಿ, ಆದ್ದರಿಂದ ಅಷ್ಟು ಹೊರೆ ತಡೆಯೋ ಟ್ರಾನ್ಸ್‌ಫಾರ್ಮರ್, ಲೈನು, ಸಿಬ್ಬಂದಿ ಎಲ್ಲ ಸದಾ ಸಿದ್ಧ ಇರಬೇಕು, ನೀವು ಸ್ವಿಚ್ ಹಾಕಿದ್ರೂ ಹಾಕದಿದ್ರೂ ಆ ಖರ್ಚು ಇದ್ದೇ ಇರುತ್ತೆ, ಆ ಖರ್ಚಿನ ಎಷ್ಟೋ ಭಾಗವನ್ನ ಇದುವರೆಗೆ ಯೂನಿಟ್ ರೇಟ್‌ನಲ್ಲಿ ಸೇರಿಸಿ ವಸೂಲಿ ಮಾಡ್ತಾ ಇದ್ವಿ, ಈಗ ಅದನ್ನ ಅದರ ಜಾಗಕ್ಕೇ ಹಾಕ್ತಾ ಇದ್ದೀವಿ ಅನ್ನೋದು. ಸೋಲಾರ್ ಹಾಕಿಕೊಂಡು ಯೂನಿಟ್ ಇಳಿಸಿಕೊಂಡವರೂ ರಾತ್ರಿ ಇದೇ ಲೈನ್ ಬಳಸ್ತಾರೆ, ಅವರ ಪಾಲು ಯಾರು ಕೊಡಬೇಕು ಅನ್ನೋದು ಇದರ ಇನ್ನೊಂದು ಎಳೆ. ಈ ವಾದದಲ್ಲಿ ಹುರುಳಿದೆ, ತಳ್ಳಿಹಾಕೋ ಹಾಗಿಲ್ಲ.

ವ್ಯಾಪಾರಿ ಸಂಘಟನೆಗಳ ಸಿಟ್ಟಿಗೂ ಇತಿಹಾಸ ಇದೆ. 2023ರ ಮೇ ತಿಂಗಳಲ್ಲಿ ಆಯೋಗ ಸರಾಸರಿ ಯೂನಿಟ್‌ಗೆ 70 ಪೈಸೆ ಏರಿಸಿ, ಅದನ್ನ ಏಪ್ರಿಲ್ 1ರಿಂದಲೇ ಲೆಕ್ಕ ಹಾಕಿ ಅಂತ ಹೇಳ್ತು, ಹಾಗಾಗಿ ಜೂನ್ ಬಿಲ್‌ನಲ್ಲಿ ಹಳೇ ಬಾಕಿಯೂ ಸೇರಿ ಬಂತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್ ಕರೆ ಕೊಟ್ಟಿದ್ದು ಇದೇ ಕಾರಣಕ್ಕೆ. ಈಗಿನ ಪಿಂಚಣಿ ಸರ್‌ಚಾರ್ಜ್ ಬಗ್ಗೆ ಉದ್ಯಮ ಸಂಘಟನೆಗಳ ಆಕ್ಷೇಪ ಏನಂದ್ರೆ, ವಿದ್ಯುತ್ ನೌಕರರ ಪಿಂಚಣಿಯಲ್ಲಿ ಸರ್ಕಾರ ಕೊಡಬೇಕಾದ ಪಾಲನ್ನ ಗ್ರಾಹಕರ ತಲೆ ಮೇಲೆ ಹಾಕಿದ್ದು ಯಾವ ನ್ಯಾಯ ಅನ್ನೋದು. ಫಿಕ್ಸೆಡ್ ಚಾರ್ಜ್ ಏರಿಸ್ತಾ ಯೂನಿಟ್ ರೇಟ್ ಇಳಿಸ್ತಾ ಹೋದ್ರೆ ಕರೆಂಟ್ ಉಳಿಸೋರಿಗೆ ಏನು ಪ್ರೋತ್ಸಾಹ ಉಳೀತು ಅನ್ನೋದು ಎರಡನೇದು.

ಈ ಎರಡನೇ ಪ್ರಶ್ನೆಯೇ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧ ಪಟ್ಟಿದ್ದು. ಯೂನಿಟ್ ಅಗ್ಗ ಆದಷ್ಟೂ ಒಂದು ಯೂನಿಟ್ ಉಳಿಸಿದ್ರೆ ಕೈಗೆ ಬರೋ ದುಡ್ಡು ಕಡಿಮೆ. ಮೊದಲು ಟ್ಯಾಕ್ಸ್ ಸೇರಿ ಒಂದು ಯೂನಿಟ್‌ಗೆ 8 ರೂಪಾಯಿ 72 ಪೈಸೆ ಉಳೀತಿತ್ತು, 2025-26ರ ದರದಲ್ಲಿ 7 ರೂಪಾಯಿ, 36 ಪೈಸೆ ಸರ್‌ಚಾರ್ಜ್, 63 ಪೈಸೆ ಟ್ಯಾಕ್ಸ್ ಸೇರಿ 7 ರೂಪಾಯಿ 99 ಪೈಸೆ ಉಳಿಯುತ್ತೆ. ಅಂದ್ರೆ 73 ಪೈಸೆ ವ್ಯತ್ಯಾಸ. ಕಾರ್ಖಾನೆಗಳಿಗೆ ಇದು ಇನ್ನೂ ಜೋರು, ಎಲ್‌ಟಿ ಕೈಗಾರಿಕೆ ದರ 6 ರೂಪಾಯಿ 10 ಪೈಸೆಯಿಂದ 4 ರೂಪಾಯಿ 50 ಪೈಸೆಗೆ ಇಳಿದಿದೆ. ಎಲ್‌ಇಡಿ ಹಾಕೋ ಲಾಭ ಕರಗಿ ಹೋಯ್ತಾ ಹಾಗಾದ್ರೆ? ಇಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ವ್ಯಾಟ್ ಒಂದೇ ನೋಡಬೇಡಿ, ಗಂಟೆ ನೋಡಿ

ಹಳೇ ಟ್ಯೂಬ್‌ಲೈಟ್ ಮೇಲೆ 36 ವ್ಯಾಟ್ ಅಂತ ಬರೆದಿರುತ್ತೆ, ಆದ್ರೆ ಅದರ ಪಟ್ಟಿಯಲ್ಲಿ ಕೂತಿರೋ ತಾಮ್ರದ ಚೋಕ್ ತಾನೇ ಬಿಸಿಯಾಗಿ ಇನ್ನೂ 12-14 ವ್ಯಾಟ್ ತಿನ್ನುತ್ತೆ. ಹಾಗಾಗಿ ಒಂದು ಟ್ಯೂಬ್‌ಲೈಟ್ ಅಂದ್ರೆ ನಿಜವಾಗಿ ಸುಮಾರು 50 ವ್ಯಾಟ್. ಇದರ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್, ಅಂದ್ರೆ ಪಟ್ಟಿ ಸಮೇತ ಬರೋ ಉದ್ದ ಲೈಟ್, ಸಾಕಾಗುತ್ತೆ, ಒಳ್ಳೇದಾದ್ರೆ ಬೆಳಕು ಮೊದಲಿಗಿಂತ ಕಮ್ಮಿ ಇರಲ್ಲ.

ಬೆಳಗ್ಗೆ 10ರಿಂದ ರಾತ್ರಿ 9ರ ತನಕ, ತಿಂಗಳಿಗೆ 26 ದಿನ ತೆಗೆಯೋ ಒಂದು ಅಂಗಡಿ, ಒಳಗೆ ಹಗಲು ಬೆಳಕು ಬರಲ್ಲ, 20 ಟ್ಯೂಬ್‌ಲೈಟ್ ಉರಿಯುತ್ತೆ ಅಂದ್ಕೊಳ್ಳಿ. ತಿಂಗಳಿಗೆ 286 ಗಂಟೆ. ಟ್ಯೂಬ್‌ಲೈಟ್‌ಗೆ 286 ಯೂನಿಟ್ ಆಗೋ ಜಾಗದಲ್ಲಿ ಎಲ್‌ಇಡಿಗೆ 114 ಯೂನಿಟ್. ಉಳಿದಿದ್ದು ಸುಮಾರು 172 ಯೂನಿಟ್, ದುಡ್ಡಲ್ಲಿ ತಿಂಗಳಿಗೆ 1,370 ರೂಪಾಯಿ ಹತ್ತಿರ. ಒಂದು ಬ್ಯಾಟನ್‌ಗೆ 300 ರೂಪಾಯಿ ಅಂದ್ರೂ 20ಕ್ಕೆ 6,000, ಎಲೆಕ್ಟ್ರಿಷಿಯನ್ ಕೂಲಿ ಸೇರಿಸಿದ್ರೂ ಐದಾರು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಹಳೇ ದರ ಇದ್ದಿದ್ರೆ ತಿಂಗಳಿಗೆ 1,500 ಉಳೀತಿತ್ತು, ವ್ಯತ್ಯಾಸ 130 ರೂಪಾಯಿ ಅಷ್ಟೇ. ಯೂನಿಟ್ ಅಗ್ಗ ಆಯ್ತು ಅಂತ ಸುಮ್ನೆ ಕೂರೋದಕ್ಕೆ ಇದು ಕಾರಣ ಆಗಲ್ಲ.

ಈಗ ಅದೇ 20 ಲೈಟು, ಆದ್ರೆ ಮುಂಭಾಗ ಪೂರ್ತಿ ತೆರೆದಿರೋ ಅಂಗಡಿ, ಸಂಜೆ 4 ಗಂಟೆ ಮಾತ್ರ ಉರಿಯೋದು. ಉಳಿಯೋದು ತಿಂಗಳಿಗೆ 500 ರೂಪಾಯಿ, ದುಡ್ಡು ವಾಪಸ್ ಬರೋಕೆ ವರ್ಷದ ಮೇಲೆ ಬೇಕು. ಇನ್ನು ಈಗಾಗ್ಲೇ 28 ವ್ಯಾಟ್‌ನ ಸಣ್ಣ ಟಿ5 ಟ್ಯೂಬ್, ಎಲೆಕ್ಟ್ರಾನಿಕ್ ಚೋಕ್ ಇರೋದು ಹಾಕಿದ್ರೆ ಅದು ತಿನ್ನೋದೇ 30 ವ್ಯಾಟ್ ಆಸುಪಾಸು, ದಿನಕ್ಕೆ 11 ಗಂಟೆ ಉರಿಸಿದ್ರೂ ಎಲ್‌ಇಡಿಯಿಂದ ಉಳಿಯೋದು ತಿಂಗಳಿಗೆ 450 ರೂಪಾಯಿ ಚಿಲ್ಲರೆ. ಅವರು ಅವಸರ ಮಾಡೋದು ಬೇಡ, ಒಂದೊಂದು ಟ್ಯೂಬ್ ಹೋದಾಗ ಒಂದೊಂದು ಬದಲಾಯಿಸಿಕೊಂಡು ಹೋದ್ರೆ ಸಾಕು. ಆದ್ದರಿಂದ ಯಾರೋ ಅರ್ಧ ಬಿಲ್ ಉಳೀತು ಅಂದ್ರು ಅಂತ ನಿಮಗೂ ಅಷ್ಟೇ ಉಳಿಯುತ್ತೆ ಅಂತಲ್ಲ, ಮೊದಲು ಏನಿತ್ತು, ದಿನಕ್ಕೆ ಎಷ್ಟು ಹೊತ್ತು ಉರಿಯುತ್ತೆ, ಈ ಎರಡರ ಮೇಲೆ ಎಲ್ಲಾ ನಿಂತಿದೆ.

ಕಿರಾಣಿ ಅಂಗಡಿ, ಬೇಕರಿ, ಜ್ಯೂಸ್ ಅಂಗಡಿ ನಡೆಸೋರು ಇನ್ನೊಂದು ನೋಡ್ಕೋಬೇಕು. ಎರಡು ಕೂಲ್‌ಡ್ರಿಂಕ್ಸ್ ಫ್ರಿಡ್ಜ್, ಒಂದು ಐಸ್‌ಕ್ರೀಂ ಫ್ರೀಜರ್ ಇದ್ರೆ ಅವು ದಿನಪೂರ್ತಿ ಓಡ್ತವೆ, ಅಲ್ಲಿ ಬಿಲ್‌ನ ದೊಡ್ಡ ಪಾಲು ಅವುಗಳದ್ದೇ, ಆರು ಲೈಟ್ ಬದಲಾಯಿಸಿದ್ರೆ ಬಿಲ್‌ನಲ್ಲಿ ಕಣ್ಣಿಗೆ ಕಾಣೋ ಅಷ್ಟು ಬದಲಾವಣೆ ಬರಲ್ಲ. ಬದಲಾಯಿಸಬಾರದು ಅಂತಲ್ಲ, ನಿರೀಕ್ಷೆ ಸರಿಯಾಗಿ ಇರಬೇಕು ಅಷ್ಟೇ. ಫ್ಯಾನ್ ಕೂಡ ಹಾಗೇ, ಹಳೇ ಫ್ಯಾನ್ 75 ವ್ಯಾಟ್ ಆದ್ರೆ ಕರೆಂಟ್ ಕಡಿಮೆ ತಿನ್ನೋ ಮೋಟಾರ್ ಇರೋ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಲ್ಲಿ ಮುಗಿಯುತ್ತೆ, ಹೋಟೆಲ್ ಥರ ದಿನವಿಡೀ ತಿರುಗೋ ಕಡೆ ಅದು ಲೈಟಿನಷ್ಟೇ ಲಾಭ ಕೊಡುತ್ತೆ.

ಬಿಸಿ ಬಲ್ಬ್ ಇದ್ರೆ ಎರಡು ಕಡೆಯಿಂದ ನಷ್ಟ

ಅತಿ ಹೆಚ್ಚು ಉಳಿತಾಯ ಆಗೋದು ಚಿನ್ನದಂಗಡಿ, ಸೀರೆ ಶೋರೂಂಗಳಲ್ಲಿ, ಅದೂ ಇನ್ನೂ ಹಳೇ ಹ್ಯಾಲೋಜನ್ ಸ್ಪಾಟ್‌ಲೈಟ್ ಉಳಿಸಿಕೊಂಡಿರೋ ಕಡೆ. ಒಂದು ಹ್ಯಾಲೋಜನ್ 50 ವ್ಯಾಟ್. 60 ಇದ್ರೆ 3 ಕಿಲೋವ್ಯಾಟ್. ಅದು ಬೆಳಕು ಕೊಡೋದಕ್ಕಿಂತ ಬಿಸಿ ಕೊಡೋದೇ ಜಾಸ್ತಿ, ಆ ಬಿಸಿಯನ್ನ ಹೊರಗೆ ಹಾಕೋಕೆ ಮತ್ತೆ ಎಸಿ ದುಡೀಬೇಕು. ಸಾಧಾರಣ ಎಸಿ ಮೂರು ಯೂನಿಟ್‌ನಷ್ಟು ಬಿಸಿ ಹೊರಗೆ ಹಾಕೋಕೆ ಸುಮಾರು ಒಂದು ಯೂನಿಟ್ ಕರೆಂಟ್ ತಿನ್ನುತ್ತೆ. ತಿಂಗಳಿಗೆ ಅದೇ 286 ಗಂಟೆ ಲೆಕ್ಕದಲ್ಲಿ 7 ವ್ಯಾಟ್‌ನ ಎಲ್‌ಇಡಿ ಹಾಕಿದ್ರೆ ಲೈಟ್‌ನಲ್ಲೇ ತಿಂಗಳಿಗೆ 738 ಯೂನಿಟ್ ಉಳಿಯುತ್ತೆ, ಎಸಿ ಸದಾ ಓಡೋ ಅಂಗಡಿ ಆದ್ರೆ ಅದರಲ್ಲಿ ಇನ್ನೊಂದು 246 ಯೂನಿಟ್. ಎರಡೂ ಸೇರಿ ತಿಂಗಳಿಗೆ ಹತ್ತಿರತ್ತಿರ 7,860 ರೂಪಾಯಿ. ಎಸಿ ಉಳಿತಾಯವನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಅದು ಸುಮ್ನೆ ಬಿಲ್‌ನಲ್ಲಿ ಕರಗಿ ಹೋಗುತ್ತೆ.

ಆದ್ರೆ ಈ ಅಂಗಡಿಯವರು ಎಲ್‌ಇಡಿಗೆ ಹಿಂದೇಟು ಹಾಕೋದಕ್ಕೂ ಒಳ್ಳೇ ಕಾರಣ ಇದೆ. ಸೀರೆ ತಗೊಳ್ಳೋಕೆ ಬಂದವರು ಬಣ್ಣ ಸರಿಯಾಗಿ ಕಾಣ್ತಿಲ್ಲ ಅಂತ ಸೀರೆ ಹಿಡ್ಕೊಂಡು ಬಾಗಿಲ ಹತ್ರ ಬಿಸಿಲಿಗೆ ಹೋಗಿ ನೋಡೋದು ಯಾವ ಊರಲ್ಲೂ ಇದೆ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಬಣ್ಣ ಸಪ್ಪೆ ಕಾಣುತ್ತೆ, ಮೆರೂನ್ ಮತ್ತು ಕಂದು ಒಂದೇ ಥರ ಕಾಣುತ್ತೆ. ಇದನ್ನ ಅಳೆಯೋದಕ್ಕೆ ಸಿಆರ್‌ಐ ಅಂತ ಒಂದು ಅಂಕಿ ಇದೆ, ಬಿಸಿಲಿಗೆ 100 ಅಂತ ಇಟ್ಕೊಂಡು ಲೈಟ್ ಎಷ್ಟು ಹತ್ತಿರ ಬರುತ್ತೆ ಅಂತ ಹೇಳೋದು. ಗೋಡೌನ್‌ಗೆ 70 ಸಾಕು, ಸಾಮಾನ್ಯ ಅಂಗಡಿಗೆ 80, ಬಟ್ಟೆ, ಚಿನ್ನ, ಹಣ್ಣು, ಸಿಹಿತಿಂಡಿಗೆ 90 ಇರಬೇಕು. ಬಾಕ್ಸ್ ಮೇಲೆ ಸಿಆರ್‌ಐ ಬರೆದೇ ಇಲ್ಲ ಅಂದ್ರೆ ಅಂಥ ಲೈಟನ್ನ ರೇಷ್ಮೆ ಮೇಲೆ ಹಾಕೋದು ಬೇಡ. ಚಿನ್ನಕ್ಕೆ 3000 ಕೆಲ್ವಿನ್‌ನ ಹಳದಿ ಬೆಳಕು, ಬೆಳ್ಳಿಗೆ ಬಿಳಿ ಬೆಳಕು ಅನ್ನೋದು ಆ ವ್ಯಾಪಾರದವರಿಗೆ ಹೇಳಿಕೊಡಬೇಕಾಗಿಲ್ಲ.

ಬೇಗ ಸುಟ್ಟು ಹೋಗೋದು ಯಾಕೆ

ಎಲ್‌ಇಡಿ ಬಾಳಿಕೆ ಬರಲ್ಲ, ಆರು ತಿಂಗಳಿಗೆ ಹೋಗುತ್ತೆ ಅನ್ನೋ ದೂರು ಸುಳ್ಳಲ್ಲ. ಬಾಕ್ಸ್ ಮೇಲೆ 25,000 ಗಂಟೆ ಅಂತ ಇರುತ್ತೆ, ದಿನಕ್ಕೆ 11 ಗಂಟೆ ಲೆಕ್ಕದಲ್ಲಿ ಆರು ವರ್ಷ ಬರಬೇಕು. ಆದ್ರೆ ಆ ಅಂಕಿ ಹೇಳೋದು ಒಳಗಿನ ಎಲ್‌ಇಡಿ ಚಿಪ್‌ನ ಬೆಳಕು ಶೇ. 70ಕ್ಕೆ ಇಳಿಯೋಕೆ ಎಷ್ಟು ಕಾಲ ಬೇಕು ಅಂತ. ಮೊದಲು ಸಾಯೋದು ಚಿಪ್ಪಲ್ಲ, ಅದಕ್ಕೆ ಕರೆಂಟ್ ಹದ ಮಾಡಿ ಕೊಡೋ ಡ್ರೈವರ್. ಅದರ ಒಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತೆ. ಫಾಲ್ಸ್ ಸೀಲಿಂಗ್ ಒಳಗೆ ಗಾಳಿ ಆಡದ ಕಡೆ, ಬೇಕರಿ ಭಟ್ಟಿ ಮೇಲೆ, ಹೋಟೆಲ್ ಅಡುಗೆ ಮನೆಯಲ್ಲಿ ಹಾಕಿದ್ರೆ ಬೇಗ ಹೋಗೋದು ಇದಕ್ಕೇ. ಹಳ್ಳಿ, ಸಣ್ಣ ಊರುಗಳಲ್ಲಿ ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಜಿಗಿಯೋದು ಎರಡನೇ ಕಾರಣ, ಸರ್ಜ್ ತಡೆಯೋ ವ್ಯವಸ್ಥೆ ಇಲ್ಲದ ಡ್ರೈವರ್ ಒಂದೇ ಏಟಿಗೆ ಹೋಗಿಬಿಡುತ್ತೆ.

ಪರಿಹಾರ ಕಷ್ಟದ್ದೇನಲ್ಲ. ಗುಣಮಟ್ಟ ನೋಡೋ ಸಂಸ್ಥೆ ಬಿಐಎಸ್‌ನ ನೋಂದಣಿ ಗುರುತು ಇರೋ ಮಾಲು ತಗೊಳ್ಳಿ, ಕರೆಂಟ್ ಉಳಿತಾಯ ತೋರಿಸೋ ಬಿಇಇ ಸ್ಟಾರ್ ಲೇಬಲ್ ಕೂಡ ಇದ್ರೆ ಇನ್ನೂ ಒಳ್ಳೇದು. ವ್ಯಾಟ್ ಬದಲು ಲ್ಯುಮೆನ್, ಅಂದ್ರೆ ಬೆಳಕಿನ ಅಳತೆ, ನೋಡಿ, ಒಂದು ವ್ಯಾಟ್‌ಗೆ 100 ಲ್ಯುಮೆನ್ ಮೇಲೆ ಕೊಡೋದು ಈಗ ಅಪರೂಪ ಅಲ್ಲ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಂಥ ಹೋಲ್‌ಸೇಲ್ ಜಾಗದಲ್ಲಿ ಬಿಲ್ ಇಲ್ಲದೆ ಕಮ್ಮಿಗೆ ಸಿಗುತ್ತೆ ಅಂತ ತಂದ್ರೆ ಎರಡು ವರ್ಷದ ವಾರಂಟಿ ಕೈಬಿಟ್ಟ ಹಾಗೆ, ಜೊತೆಗೆ ಜಿಎಸ್‌ಟಿ ಕ್ರೆಡಿಟ್ ಕೂಡ. 2022ರ ಜುಲೈ 18ರಿಂದ ಎಲ್‌ಇಡಿ ಲೈಟ್ ಮೇಲಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದೆ. ಮಾಮೂಲಿ ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿ ಅದನ್ನ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ತಗೋಬಹುದು, ಕಾಂಪೊಸಿಷನ್ ಸ್ಕೀಂನಲ್ಲಿ ಇರೋರಿಗೆ ಅದು ಆಗಲ್ಲ, ಅವರಿಗೆ ಆ 18 ಪೂರ್ತಿ ಖರ್ಚೇ.

ಎಲೆಕ್ಟ್ರಿಷಿಯನ್ ಹತ್ರ ಕೇಳಲೇಬೇಕಾದ ಒಂದು ವಿಷಯ: ಹಳೇ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸೋದಾದ್ರೆ ಚೋಕ್, ಸ್ಟಾರ್ಟರ್ ಎರಡೂ ತೆಗೆದು ನೇರ ವೈರಿಂಗ್ ಮಾಡಿಸಿ. ಚೋಕ್ ಹಾಗೇ ಬಿಟ್ರೆ ಅದು ತಿನ್ನೋದು ಪೂರ್ತಿ ನಿಲ್ಲಲ್ಲ, ಎಲ್‌ಇಡಿ ಟ್ಯೂಬ್ ಕೂಡ ಬೇಗ ಕೆಡಬಹುದು. ದೊಡ್ಡ ಲೋಡ್ ಇರೋರು ಪವರ್ ಫ್ಯಾಕ್ಟರ್, ಅಂದ್ರೆ ಎಳೆದ ಕರೆಂಟ್‌ನಲ್ಲಿ ಎಷ್ಟು ಭಾಗ ನಿಜವಾಗಿ ಕೆಲಸಕ್ಕೆ ಬಂತು ಅನ್ನೋ ಅಂಕಿ, ಕೂಡ ನೋಡಬೇಕು. ಅಗ್ಗದ ಡ್ರೈವರ್‌ಗಳದ್ದು 0.5, 0.6 ಇರುತ್ತೆ, ಎಲ್‌ಟಿ ಸಂಪರ್ಕದಲ್ಲಿ ಒಟ್ಟಾರೆ 0.85ಕ್ಕಿಂತ ಕೆಳಗೆ ಬಿದ್ರೆ ಸರ್‌ಚಾರ್ಜ್ ಬೀಳೋ ಅವಕಾಶ ಇದೆ, ಇನ್ನೂರು ಮುನ್ನೂರು ಅಂಥ ಲೈಟ್ ಹಾಕಿದ ಮೇಲೆ ಅದು ಗೊತ್ತಾದ್ರೆ ತಡವಾಗಿರುತ್ತೆ.

ಬಹಳ ಜನ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ

ಲೈಟ್ ಬದಲಾಯಿಸಿದ ಮೇಲೆ ಮಾಡಬೇಕಾದ ಕೆಲಸ ಒಂದಿದೆ, ಅದನ್ನ ಮಾಡೋರು ತೀರಾ ಕಡಿಮೆ. ಅದೇ ಸ್ಯಾಂಕ್ಷನ್ ಲೋಡ್ ಇಳಿಸಿಕೊಳ್ಳೋದು. ಎಲ್‌ಇಡಿ ಯೂನಿಟ್ ಉಳಿಸುತ್ತೆ, ಫಿಕ್ಸೆಡ್ ಚಾರ್ಜ್ ಮುಟ್ಟಲ್ಲ. ಎಸ್ಕಾಂ ದಾಖಲೆಯಲ್ಲಿ ನಿಮ್ಮ ಅಂಗಡಿ ಇನ್ನೂ ಹಳೇ ಹ್ಯಾಲೋಜನ್, ಹಳೇ ಟ್ಯೂಬ್‌ಲೈಟ್ ಕಾಲದ ಕಿಲೋವ್ಯಾಟ್‌ನಲ್ಲೇ ಇರುತ್ತೆ, ನೀವಾಗಿ ಹೋಗಿ ಅರ್ಜಿ ಕೊಡೋ ತನಕ ಅದು ತಾನಾಗೇ ಇಳಿಯಲ್ಲ.

ಬಿಲ್‌ನಲ್ಲಿ ಎಂಡಿ ಅಂತ ಒಂದು ಸಾಲು ಇದೆಯಾ ನೋಡಿ. ಆ ತಿಂಗಳಲ್ಲಿ ನಿಮ್ಮ ಅಂಗಡಿ ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಕಿಲೋವ್ಯಾಟ್ ಎಳೀತು ಅಂತ ಮೀಟರ್ ಬರೆದಿಟ್ಟಿರೋ ಅಂಕಿ ಅದು. ಸ್ಯಾಂಕ್ಷನ್ ಲೋಡ್ 5 ಇದ್ದು, ವರ್ಷಪೂರ್ತಿ, ಏಪ್ರಿಲ್ ಮೇ ಬಿಸಿಲಲ್ಲೂ ದೀಪಾವಳಿ ವ್ಯಾಪಾರದಲ್ಲೂ ಎಂಡಿ 3.2 ದಾಟಿಲ್ಲ ಅಂದ್ರೆ 4ಕ್ಕೆ ಇಳಿಸೋಕೆ ಧೈರ್ಯವಾಗಿ ಕೇಳಬಹುದು. ತಿಂಗಳಿಗೆ 215 ಉಳೀತು, ವರ್ಷಕ್ಕೆ 2,580. ಹ್ಯಾಲೋಜನ್ ತೆಗೆದ ಶೋರೂಂಗೆ 3 ಕಿಲೋವ್ಯಾಟ್ ಇಳಿಸೋಕಾದ್ರೆ ವರ್ಷಕ್ಕೆ 7,740. ಒಂದು ಸಲ ಓಡಾಡಿದ್ರೆ ಪ್ರತಿ ವರ್ಷ ಬರೋ ದುಡ್ಡು ಇದು. ಮೂರು ವರ್ಷದ ಆದೇಶದ ದಾರಿಯೇ ಯೂನಿಟ್ ರೇಟ್ ಕಡಿಮೆ ಇಟ್ಟು ಫಿಕ್ಸೆಡ್ ಕಡೆ ವಾಲಿಸೋದು ಆಗಿರೋದ್ರಿಂದ ಈ ಉಳಿತಾಯದ ಬೆಲೆ ಮುಂದೆ ಹೆಚ್ಚೇ ಆಗುತ್ತೆ.

ಆದ್ರೆ ಅತಿ ಆಸೆಯಿಂದ ತೀರಾ ಕೆಳಗೆ ಇಳಿಸಬೇಡಿ. ಎಂಡಿ ಸ್ಯಾಂಕ್ಷನ್ ದಾಟಿದ್ರೆ ದಾಟಿದ ಭಾಗಕ್ಕೆ ದಂಡದ ರೇಟ್ ಬೀಳುತ್ತೆ, ಮತ್ತೆ ಏರಿಸೋಕೆ ಹೊಸದಾಗಿ ದುಡ್ಡು ಕಟ್ಟಬೇಕು. ಹೊಸ ಎಸಿ ಹಾಕೋ ಯೋಚನೆ ಇದ್ರೆ ಮೊದಲು ಅದನ್ನ ಹಾಕಿ, ಎರಡು ಬೇಸಿಗೆ ಅಲ್ಲದಿದ್ರೂ ಒಂದು ಬೇಸಿಗೆ ನೋಡಿ ಆಮೇಲೆ ಅರ್ಜಿ ಕೊಡೋದು ಜಾಣತನ.

ಯೂನಿಟ್ ಇಳಿದದ್ದರಿಂದ ಇನ್ನೊಂದು ಲಾಭವೂ ನಿಧಾನಕ್ಕೆ ಬರುತ್ತೆ. ಎಸ್ಕಾಂಗಳು ಎರಡು ತಿಂಗಳ ಸರಾಸರಿ ಬಿಲ್‌ನಷ್ಟು ಮೊತ್ತವನ್ನ ಠೇವಣಿಯಾಗಿ ಇಟ್ಕೊಳ್ತವೆ, ಸರಾಸರಿ ಏರಿದ್ರೆ ಎಎಸ್‌ಡಿ, ಅಂದ್ರೆ ಹೆಚ್ಚುವರಿ ಠೇವಣಿ, ಕಟ್ಟಿ ಅಂತ ನೋಟಿಸ್ ಬರುತ್ತೆ. ವರ್ಷಕ್ಕೊಮ್ಮೆ ಬಂದು ಅಂಗಡಿಯವರ ಸಿಟ್ಟಿಗೆ ಕಾರಣ ಆಗೋ ನೋಟಿಸ್ ಇದೇ. ಬಳಕೆ ಇಳಿದ ಅಂಗಡಿಗೆ ಆ ನೋಟಿಸ್ ಬರೋ ಸಾಧ್ಯತೆಯೂ ಇಳಿಯುತ್ತೆ.

ಬಾಡಿಗೆ ಅಂಗಡಿಯ ಗಂಟು

ಇಷ್ಟೆಲ್ಲ ಹೇಳಿದ ಮೇಲೂ ರಾಜ್ಯದ ಎಷ್ಟೋ ಅಂಗಡಿಗಳು ಯಾಕೆ ಹಳೇ ಲೈಟ್‌ನಲ್ಲೇ ಇವೆ ಅಂದ್ರೆ, ಅಂಗಡಿ ಅವರದ್ದಲ್ಲ. ಲೈಟ್ ಫಿಟಿಂಗ್ ಮಾಲೀಕರದ್ದು, ಬಿಲ್ ಕಟ್ಟೋದು ಬಾಡಿಗೆದಾರ. ಮಾಲೀಕರಿಗೆ ಖರ್ಚು ಮಾಡಿದ್ರೆ ತಮಗೇನೂ ಉಳಿಯಲ್ಲ, ಬಾಡಿಗೆದಾರನಿಗೆ 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಇಲ್ಲೇ ಇರ್ತೀನೋ ಇಲ್ವೋ ಗೊತ್ತಿಲ್ಲ. ಇಬ್ಬರೂ ಸುಮ್ನೆ ಇರ್ತಾರೆ, ಚೋಕ್ ಮಾತ್ರ ಬಿಸಿಯಾಗ್ತಾನೇ ಇರುತ್ತೆ. ಮೇಲಿನ ಲೆಕ್ಕದ ಪ್ರಕಾರ ದಿನಪೂರ್ತಿ ಲೈಟ್ ಉರಿಯೋ ಅಂಗಡಿಗೆ ಆರು ತಿಂಗಳಲ್ಲಿ ದುಡ್ಡು ವಾಪಸ್ ಬರೋದ್ರಿಂದ 11 ತಿಂಗಳ ಅಗ್ರಿಮೆಂಟ್‌ನಲ್ಲೂ ಬಾಡಿಗೆದಾರನಿಗೆ ನಷ್ಟ ಇಲ್ಲ, ಬ್ಯಾಟನ್ ಎರಡು ಸ್ಕ್ರೂ ಬಿಚ್ಚಿದ್ರೆ ಜೊತೇಲೇ ತಗೊಂಡು ಹೋಗೋ ವಸ್ತು, ಹಳೇ ಪಟ್ಟಿಗಳನ್ನ ಮಾಲೀಕರಿಗೆ ಒಪ್ಪಿಸಿ ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆಸಿಕೊಂಡ್ರೆ ಸಾಕು.

ಸ್ಯಾಂಕ್ಷನ್ ಲೋಡ್ ವಿಷಯ ಮಾತ್ರ ಬಾಡಿಗೆದಾರನ ಕೈಲಿಲ್ಲ. ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ಲೋಡ್ ಇಳಿಸಿಬಿಟ್ರೆ ಮುಂದೆ ದೊಡ್ಡ ಬಾಡಿಗೆದಾರ ಬಂದಾಗ ಏನು ಮಾಡೋದು ಅನ್ನೋ ಮಾಲೀಕರ ಅಳುಕೂ ನ್ಯಾಯವೇ. ಇನ್ನು ಕಾಂಪ್ಲೆಕ್ಸ್‌ಗಳಲ್ಲಿ ಸಬ್ ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಅಂತ ಒಂದೇ ರೇಟ್ ವಸೂಲಿ ಮಾಡೋ ಕಡೆ ಆಯೋಗದ ಇಳಿಕೆ ಬಾಡಿಗೆದಾರನ ತನಕ ಬರೋದು ಮಾಲೀಕರ ಮನಸ್ಸಿನ ಮೇಲೆ. ಅಂಥವರಿಗೆ ಯೂನಿಟ್ ಉಳಿಸೋದು ಇನ್ನೂ ಮುಖ್ಯ, ಅವರ ಕೈಲಿರೋದು ಅದೊಂದೇ.

ಕಾರ್ಖಾನೆ, ಗೋಡೌನ್

ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕ ಚಿಕ್ಕದಾಗಿ. 250 ವ್ಯಾಟ್‌ನ 10 ಮೆಟಲ್ ಹ್ಯಾಲೈಡ್ ದೀಪ, ಬ್ಯಾಲಸ್ಟ್ ಸೇರಿ ತಲಾ 270ರ ಮೇಲೆ, ಅದರ ಬದಲು 120 ವ್ಯಾಟ್‌ನ ಎಲ್‌ಇಡಿ ಹೈಬೇ, ಅಂದ್ರೆ ಎತ್ತರದ ಚಾವಣಿಗೆ ಹಾಕೋ ದೊಡ್ಡ ಲೈಟ್. ದಿನಕ್ಕೆ 8 ಗಂಟೆಗೆ ತಿಂಗಳಿಗೆ ಸುಮಾರು 312 ಯೂನಿಟ್ ಉಳಿಯುತ್ತೆ. ಕೈಗಾರಿಕೆ ದರ ಕಡಿಮೆ ಇರೋದ್ರಿಂದ ಸರ್‌ಚಾರ್ಜ್, ಟ್ಯಾಕ್ಸ್ ಸೇರಿ ಯೂನಿಟ್‌ಗೆ 5 ರೂಪಾಯಿ 27 ಪೈಸೆ ಲೆಕ್ಕದಲ್ಲಿ ತಿಂಗಳಿಗೆ 1,640. ಹೈಬೇ ಬೆಲೆ ಬ್ಯಾಟನ್ ಥರ ನೂರಿನ ಲೆಕ್ಕದಲ್ಲಿಲ್ಲ, ಸಾವಿರದ ಲೆಕ್ಕದಲ್ಲಿದೆ, ಹಾಗಾಗಿ ದುಡ್ಡು ವಾಪಸ್ ಬರೋಕೆ ಅಂಗಡಿಗಿಂತ ಜಾಸ್ತಿ ಕಾಲ ಹಿಡಿಯುತ್ತೆ. ಎರಡು ಶಿಫ್ಟ್ ಓಡೋ ಕಡೆ ಮೊದಲು ಮಾಡಿಸಿ.

ಟ್ಯೂಬ್‌ಲೈಟ್ ಕಾಲ ಮುಗೀತಾ ಇದೆ

ಕಾಯ್ತೀನಿ ಅನ್ನೋರಿಗೂ ಜಾಸ್ತಿ ಸಮಯ ಇಲ್ಲ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಒಳಗೆ ಪಾದರಸ ಇದೆ. ಪಾದರಸದ ಬಳಕೆ ನಿಲ್ಲಿಸೋಕೆ ಮಾಡಿಕೊಂಡಿರೋ ಮಿನಮಾಟ ಒಪ್ಪಂದಕ್ಕೆ ಭಾರತವೂ ಸೇರಿದೆ, 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದಾಗ ಫ್ಲೋರಸೆಂಟ್ ದೀಪಗಳ ತಯಾರಿಕೆ ಮತ್ತು ಆಮದು ರಫ್ತನ್ನ 2027ರ ಹೊತ್ತಿಗೆ ಹಂತ ಹಂತವಾಗಿ ಮುಗಿಸೋದಕ್ಕೆ ದೇಶಗಳು ಒಪ್ಪಿದವು. ಅಂಗಡಿಗಳಲ್ಲಿ ಇರೋ ದಾಸ್ತಾನು ತೀರಿದ ಮೇಲೆ ಟ್ಯೂಬ್, ಸ್ಟಾರ್ಟರ್ ಹುಡುಕೋದೇ ಕಷ್ಟ ಆಗುತ್ತೆ. ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬದಲಾಯಿಸೋಕೆ ಹೊರಟಾಗ ಕಳಪೆ ಮಾಲು ನುಗ್ಗೋದೂ ಜಾಸ್ತಿ.

ಎಲ್‌ಇಡಿ ಬೆಲೆ ಇನ್ನೂ ಇಳಿಯುತ್ತೆ ಅಂತ ಕಾಯೋದರಲ್ಲೂ ಈಗ ಹುರುಳಿಲ್ಲ. ದೊಡ್ಡ ಇಳಿಕೆ ಆಗಿದ್ದು ಹತ್ತು ವರ್ಷದ ಹಿಂದೆ. ಕೇಂದ್ರದ ಉಜಾಲಾ ಯೋಜನೆಗೆ ಸರ್ಕಾರಿ ಕಂಪನಿ ಇಇಎಸ್‌ಎಲ್ ಸಗಟು ಖರೀದಿ ಮಾಡಿದಾಗ 2014ರಲ್ಲಿ ಒಂದು ಬಲ್ಬ್‌ಗೆ 310 ರೂಪಾಯಿ ಇದ್ದದ್ದು 2016ಕ್ಕೆ 38 ರೂಪಾಯಿಗೆ ಬಿತ್ತು, ನಮ್ಮಲ್ಲಿ 2015ರ ಡಿಸೆಂಬರ್‌ನಲ್ಲಿ ಹೊಸ ಬೆಳಕು ಅಂತ ಶುರುವಾಗಿ ಮನೆಮನೆಗೆ ಬಲ್ಬ್ ತಲುಪಿದ್ದು ಅದರ ಭಾಗವೇ. ಮನೆಗಳು ಆವಾಗಲೇ ಬದಲಾದವು. ಆ ಯೋಜನೆಯ ಕಣ್ಣು ಮನೆಗಳ ಮೇಲಿತ್ತು, ಅಂಗಡಿಯವರು ತಾವಾಗೇ ಬದಲಾಗ್ತಾರೆ ಅಂತ ಬಿಟ್ಟ ಹಾಗಾಯ್ತು.

ಕೊನೆಗೆ ಬೋರ್ಡ್ ಲೈಟ್. 2024ರ ಫೆಬ್ರವರಿ ಹೊತ್ತಿಗೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ ಆದಾಗ ಬಹಳ ಅಂಗಡಿಗಳು ಬೋರ್ಡ್ ಬದಲಾಯಿಸಿದವು, ಆದ್ರೆ ಎಷ್ಟೋ ಕಡೆ ಬದಲಾಗಿದ್ದು ಮೇಲಿನ ಫ್ಲೆಕ್ಸ್ ಮಾತ್ರ, ಒಳಗೆ ಹಳೇ ಟ್ಯೂಬ್‌ಗಳೇ ಇವೆ. ಅವು ಉರಿಯೋದು ಅಂಗಡಿ ಮುಚ್ಚಿದ ಮೇಲೂ, ಕೆಲವು ಕಡೆ ಬೆಳಗಿನ ತನಕ. ಒಂದು ಬೋರ್ಡ್ ಒಳಗೆ 8 ಟ್ಯೂಬ್ ಇದ್ರೂ 400 ವ್ಯಾಟ್, ಸಂಜೆ ಆರರಿಂದ ಬೆಳಗ್ಗೆ ಆರರ ತನಕ ಉರಿದ್ರೆ ತಿಂಗಳಿಗೆ 144 ಯೂನಿಟ್, 1,150 ರೂಪಾಯಿ. ಎಲ್‌ಇಡಿ ಹಾಕಿ ಒಂದು ಟೈಮರ್ ಸ್ವಿಚ್ ಕೂರಿಸಿ ರಾತ್ರಿ ಹತ್ತಕ್ಕೆ ಆರೋ ಹಾಗೆ ಮಾಡಿದ್ರೆ ಅದು 20 ಯೂನಿಟ್ ಆಸುಪಾಸಿಗೆ ಬರುತ್ತೆ. ತೆಗೆದ ಹಳೇ ಟ್ಯೂಬ್‌ಗಳನ್ನ ಒಡೆದು ಕಸದ ಗಾಡಿಗೆ ಹಾಕಬೇಡಿ, ಒಡೆದಾಗ ಬರೋ ಪಾದರಸದ ಆವಿ ಕಸ ಆರಿಸೋ ಪೌರಕಾರ್ಮಿಕರ ಎದೆಗೇ ಹೋಗುತ್ತೆ, ಅವು ಇ-ತ್ಯಾಜ್ಯದ ನಿಯಮದಡಿ ಬರ್ತವೆ, ಇಡಿಯಾಗೇ ರಟ್ಟಿನ ಡಬ್ಬದಲ್ಲಿ ಕಟ್ಟಿಟ್ಟು ಇ-ತ್ಯಾಜ್ಯ ತಗೊಳ್ಳೋರ ಕೈಗೇ ಕೊಡಿ.